ನಿಮ್ಮೂರಿನ ಹುಡುಗನಂತೆ, ಕುಕ್ ಎಂದು ಹೆಸರಂತೆ

ಶಿವಮೊಗ್ಗದಿಂದ ಅಕ್ಕ ಫೋನ್ ಮಾಡಿದಾಗ ಇಲ್ಲಿ ಬೆಳಗಿನ ಆರೂವರೆ. ಅವಳ ದನಿಯಲ್ಲಿ ಕ್ಷೇಮಸಮಾಚಾರವಿರಲಿಲ್ಲ, ದೂರು ಇತ್ತು. ದ್ವಿತೀಯ ಪಿಯುಸಿಯಲ್ಲಿರುವ ಮಗ ರಾತ್ರಿ ಹೊದಿಕೆಯೊಳಗೆ ಮೊಬೈಲ್ ಇಟ್ಟುಕೊಂಡು ಏನೋ ನೋಡುತ್ತಿದ್ದನಂತೆ. ಕಿತ್ತುಕೊಂಡು ನೋಡಿದರೆ ಒಬ್ಬ ಹುಡುಗ ಕುಡಿದು, ಕುಣಿದು, ಯಾರ ಮೇಲೋ ಎರಗಿ, ಮರುಕ್ಷಣವೇ ಗಹಗಹಿಸಿ ನಗುತ್ತಿದ್ದಾನೆ. ಕೆಳಗೆ ಬ್ರಿಸ್ಟಲ್ ಎಂದು ಬರೆದಿತ್ತಂತೆ, ನಾನಿರುವ ಇಂಗ್ಲೆಂಡಿನ ಊರು. ಅಕ್ಕನ ಲೆಕ್ಕದಲ್ಲಿ ಬ್ರಿಸ್ಟಲ್ ಎಂದರೆ ನಾನು. ಹಾಗಾಗಿ ಆ ಹುಡುಗನ ನಡತೆಗೂ ನಾನೇ ಜವಾಬು ಕೊಡಬೇಕು.

"ಅಲ್ಲಿಯ ಮಕ್ಕಳೆಲ್ಲ ಹೀಗೆಯೇ ಏನೇ?"

ಹುಡುಗನ ಹೆಸರು ಕೇಳಿದೆ. "ಏನೋ ಅಡುಗೆಯವನ ಹೆಸರು" ಎಂದಳು. ತಕ್ಷಣ ಗೊತ್ತಾಯಿತು. ಕುಕ್. ಜೇಮ್ಸ್ ಕುಕ್. ನನಗೂ ಅವನಿಗೂ ಹದಿನೈದು ವರ್ಷಕ್ಕೂ ಮೀರಿದ ಪರಿಚಯ.

ಧಾರಾವಾಹಿಯ ಹೆಸರು 'ಸ್ಕಿನ್ಸ್'. ಇಲ್ಲಿನ ಆಡುಮಾತಿನಲ್ಲಿ ಹಾಗೆಂದರೆ ಸಿಗರೇಟು ಸುತ್ತುವ ತೆಳು ಕಾಗದ, ಹೆಸರಿನಲ್ಲಿಯೇ ಹೊಗೆ. 2007ರ ಜನವರಿಯಲ್ಲಿ ಇ4 ವಾಹಿನಿಯಲ್ಲಿ ಶುರುವಾಗಿ 2013ರವರೆಗೆ ಏಳು ಸರಣಿ ನಡೆಯಿತು. ಬ್ರಯಾನ್ ಎಲ್ಸ್ಲಿ ಮತ್ತು ಅವರ ಮಗ ಜೇಮಿ ಬ್ರಿಟನ್ ಸೇರಿ ಹುಟ್ಟಿಸಿದ್ದು. ನಮ್ಮ ಪಿಯುಸಿಗೆ ಸಮವಾದ ಎರಡು ವರ್ಷದ ಓದಿನಲ್ಲಿರುವ ಬ್ರಿಸ್ಟಲ್ ಮಕ್ಕಳ ಕಥೆ. ಎರಡು ವರ್ಷ ಮುಗಿಯುತ್ತಲೇ ಪಾತ್ರವರ್ಗ ಹೆಚ್ಚುಕಡಿಮೆ ಪೂರ್ತಿ ಹೊರಗೆ, ಹೊಸ ಬ್ಯಾಚು ಒಳಗೆ. ಒಬ್ಬಳೇ ಸೊಸೆಯನ್ನು ಹತ್ತು ವರ್ಷ ಅಳಿಸುವ ಧಾರಾವಾಹಿ ನೋಡಿ ಬಂದ ನನಗೆ ಇದು ವಿಚಿತ್ರವಾಗಿ ಕಂಡಿತ್ತು. ಮೊದಲ ಬ್ಯಾಚಿನಲ್ಲಿ ಅನ್ವರ್ ಎಂಬ ಪಾತ್ರ ಮಾಡಿದವನೇ ದೇವ್ ಪಟೇಲ್. ನಿರ್ದೇಶಕ ಡ್ಯಾನಿ ಬಾಯ್ಲ್ ಅವರ ಮಗಳು ಇದನ್ನು ನೋಡಿ ಅಪ್ಪನಿಗೆ ಶಿಫಾರಸು ಮಾಡಿದ್ದರಿಂದಲೇ ಅವನಿಗೆ 'ಸ್ಲಮ್‌ಡಾಗ್ ಮಿಲಿಯನೇರ್' ಸಿಕ್ಕಿತು. ಕುಕ್ ಬಂದದ್ದು ಎರಡನೆಯ ಬ್ಯಾಚಿನಲ್ಲಿ, 2009ರಲ್ಲಿ. ಪಾತ್ರ ಮಾಡಿದವನು ಡರ್ಬಿ ಕಡೆಯ ಜ್ಯಾಕ್ ಓ'ಕಾನೆಲ್. ಆಗಿನ್ನೂ ಇಪ್ಪತ್ತು ದಾಟದ ಹುಡುಗ.

ನಾನು ಈ ಊರಿಗೆ ಬಂದು ಆಗ ಮೂರು ತಿಂಗಳು. ಬೆಡ್ಮಿನ್‌ಸ್ಟರ್‌ನ ಬಾಡಿಗೆ ಮನೆ, ಜನವರಿಯ ಚಳಿ, ನಾಲ್ಕು ಗಂಟೆಗೆಲ್ಲ ಕತ್ತಲೆ. ಇಲ್ಲಿ ಟಿವಿ ನೋಡಲು ವರ್ಷಕ್ಕೊಮ್ಮೆ ಲೈಸೆನ್ಸ್ ಹಣ ಕಟ್ಟಬೇಕು, ಅಜ್ಜನ ಕಾಲದಲ್ಲಿ ರೇಡಿಯೋಗೆ ಕಟ್ಟುತ್ತಿದ್ದ ಹಾಗೆ. ಕಟ್ಟಿದ ದುಡ್ಡು ದಂಡವಾಗಬಾರದೆಂದು ಸಿಕ್ಕಿದ್ದನ್ನೆಲ್ಲ ನೋಡುತ್ತಿದ್ದೆ. ರಾತ್ರಿ ಒಂಬತ್ತರ ನಂತರ ದೊಡ್ಡವರ ಕಾರ್ಯಕ್ರಮ ಎಂಬ ನಿಯಮವಿದೆ. 'ಸ್ಕಿನ್ಸ್' ಹತ್ತಕ್ಕೆ ಬರುತ್ತಿತ್ತು. ಯಜಮಾನರು ಮಲಗಿದ ಮೇಲೆ ಸದ್ದು ತಗ್ಗಿಸಿ ನೋಡುತ್ತಿದ್ದೆ. ಈಗ ಅಕ್ಕನ ಮಗ ಮಾಡುತ್ತಿರುವುದೂ ಅದನ್ನೇ. ಈ ಸಂಗತಿಯನ್ನು ಅಕ್ಕನಿಗೆ ಹೇಳಲಿಲ್ಲ.

ನೋಡಿ ಹೆದರಿದ್ದೆ ಕೂಡ. ಮರುದಿನ ಬಸ್ಸಿನಲ್ಲಿ ಟೋಪಿಯ ಅಂಗಿ ತೊಟ್ಟ ನಾಲ್ಕು ಹುಡುಗರು ಹಿಂದಿನ ಸೀಟಿನಲ್ಲಿ ಕೂಗಾಡುತ್ತಿದ್ದರೆ, ಬ್ಯಾಗನ್ನು ಎದೆಗೆ ಅವಚಿಕೊಂಡು ಚಾಲಕನ ಹತ್ತಿರವೇ ನಿಂತೆ. ಅವರು ಇಳಿಯುವಾಗ ಒಬ್ಬೊಬ್ಬರಾಗಿ "ಚಿಯರ್ಸ್, ಡ್ರೈವ್" ಎಂದು ಚಾಲಕನಿಗೆ ವಂದನೆ ಹೇಳಿ ಇಳಿದರು. ಇದು ಬ್ರಿಸ್ಟಲ್ಲಿನ ಪದ್ಧತಿ. ಎಷ್ಟೇ ಪುಂಡನಾದರೂ ಇದನ್ನು ಹೇಳದೆ ಬಸ್ಸು ಇಳಿಯುವುದಿಲ್ಲ. ಧಾರಾವಾಹಿಯವರು ಇದನ್ನು ಯಾಕೆ ತೋರಿಸಲಿಲ್ಲವೋ. ಅಥವಾ ತೋರಿಸಲು ಅಲ್ಲಿ ಯಾರಾದರೂ ಬಸ್ಸಿಗೆ ಕಾಯಬೇಕಿತ್ತಲ್ಲ!

ಕುಕ್ ಎಂಥವನು ಎಂದು ಅಕ್ಕನಿಗೆ ಹೇಳಲು ನಮ್ಮಲ್ಲಿ ಪದಗಳಿಗೇನೂ ಬರವಿಲ್ಲ. ಪೋಲಿ, ಪೋಕರಿ, ಪುಂಡ. ಹುಬ್ಬಳ್ಳಿ ಕಡೆಯವರಾದರೆ ಉಡಾಳ. ಕಂಡಲ್ಲಿ ಕುಡಿಯುತ್ತಾನೆ, ಕಂಡವರ ಜೊತೆ ಜಗಳ ಕಾಯುತ್ತಾನೆ, ಜೀವದ ಗೆಳೆಯ ಫ್ರೆಡಿ ಮೆಚ್ಚಿದ ಹುಡುಗಿಯ ಹಿಂದೆಯೇ ಬೀಳುತ್ತಾನೆ. ಮಾಡಬೇಡ ಎಂದರೆ ಅದನ್ನೇ ಎರಡು ಸಲ ಮಾಡುತ್ತಾನೆ. ಆದರೆ ಅಮ್ಮ ಇಂಥ ಹುಡುಗರಿಗೆ ಬಳಸುತ್ತಿದ್ದ ಮಾತು ಬೇರೆ: "ಕೈಮೀರಿದ ಹುಡುಗ." ಕುಕ್‌ನ ಮಟ್ಟಿಗೆ ಮೀರುವುದಕ್ಕೆ ಕೈಯೇ ಇರಲಿಲ್ಲ. ಅಪ್ಪ ಎಲ್ಲೋ ಅಲೆಯುವವನು. ಕೊನೆಗೆ ಹುಡುಕಿಕೊಂಡು ಹೋದಾಗ ಸಿಗುವುದು ಮಗನಿಗಿಂತ ದೊಡ್ಡ ಪೋಲಿ. ಅಮ್ಮ ಚಿತ್ರ ಬರೆಯುವವಳು, ಕುಡಿಯುವವಳು, ಮಗನನ್ನು ಕಂಡರೆ ಆಗದವಳು.

'ಸ್ಕಿನ್ಸ್'ನಲ್ಲಿ ದೊಡ್ಡವರೆಲ್ಲ ಹೆಚ್ಚುಕಡಿಮೆ ಹೀಗೆಯೇ. ಆ ಪಾತ್ರಗಳಿಗೆ ಬೇಕೆಂದೇ ಹೆಸರಾಂತ ಹಾಸ್ಯನಟರನ್ನು ಹಾಕಿದ್ದರು: ಹ್ಯಾರಿ ಎನ್‌ಫೀಲ್ಡ್, ಜಾನ್ ಬಿಷಪ್, ಸ್ಯಾಲಿ ಫಿಲಿಪ್ಸ್. ಆಮೇಲೆ ಆಸ್ಕರ್ ಗೆದ್ದ ಒಲಿವಿಯಾ ಕೋಲ್‌ಮನ್ ಕೂಡ ಒಬ್ಬ ಹುಡುಗಿಯ ಅಮ್ಮನಾಗಿ ಬಂದು ಹೋಗುತ್ತಾರೆ. ಮಕ್ಕಳ ನೋವು ನಿಜ, ಹಿರಿಯರು ಕೋಡಂಗಿಗಳು. ಮಕ್ಕಳಿಲ್ಲದಾಗ ನೋಡಿ ನಕ್ಕಿದ್ದೆ. ಈಗ ಮನೆಯಲ್ಲಿ ಹದಿನಾಲ್ಕರ ಮಗಳಿದ್ದಾಳೆ, ನಗು ಅಷ್ಟು ಸಲೀಸಾಗಿ ಬರುವುದಿಲ್ಲ. ಬರೆದವರು ಸುಲಭದ ದಾರಿ ಹಿಡಿದರು ಎಂದೂ ಅನ್ನಿಸುತ್ತದೆ. ಎಂಟು ಗಂಟೆ ದುಡಿದು ಬಂದು, ಮಗ ಬಾಗಿಲು ಹಾಕಿಕೊಂಡ ಕೋಣೆಯ ಮುಂದೆ ತಟ್ಟಬೇಕೋ ಬೇಡವೋ ಎಂದು ನಿಲ್ಲುವ ತಾಯಿ ಅಲ್ಲಿ ಎಲ್ಲಿದ್ದಾಳೆ? ಮಗಳಿಗೆ ಒಂದೆರಡು ಸೌಮ್ಯವಾದ ದೃಶ್ಯ ತೋರಿಸಿದ್ದೆ. ಅವಳಿಗೆ ಆಶ್ಚರ್ಯವಾದದ್ದು ಒಂದೇ: "ಗುಂಡಿ ಒತ್ತುವ ಫೋನಿನಲ್ಲಿ ಇವರು ಇಷ್ಟೆಲ್ಲ ಹೇಗೆ ಮಾಡಿದರು?"

ಅಕ್ಕನ ಪ್ರಶ್ನೆಗೆ ಉತ್ತರ ಹೇಳಲು ನನಗೆ ಧಾರಾವಾಹಿಗಿಂತ ನಂಬಿಕೆಯ ಜಾಗ ಇನ್ನೊಂದಿದೆ. 2010ರಿಂದ ಐದು ವರ್ಷ ಈ ಊರಿನ ಒಂದು ಕಾಲೇಜಿನ ಕ್ಯಾಂಟೀನಿನಲ್ಲಿ ಬಡಿಸುವ ಕೆಲಸ ಮಾಡಿದ್ದೇನೆ. ಹದಿನಾರರಿಂದ ಹತ್ತೊಂಬತ್ತರ ಹುಡುಗ ಹುಡುಗಿಯರು. ಇಟ್ಟಿಗೆ ಕೆಲಸ, ಕೂದಲು ಕತ್ತರಿಸುವುದು, ಕಾರು ರಿಪೇರಿ ಕಲಿಯಲು ಬಂದವರು. ಕುಕ್‌ನ ತುಂಡುಗಳು ಅಲ್ಲಿ ದಿನವೂ ಕಾಣುತ್ತಿದ್ದವು. ಅದೇ ಎದೆಯುಬ್ಬಿಸಿದ ನಡಿಗೆ, ಕ್ಯೂ ಮುರಿದು ಮುಂದೆ ಬಂದು ಕಣ್ಣು ಹೊಡೆಯುವುದು. ಆದರೆ ತೆರೆಯ ಮೇಲಿನ ಮಕ್ಕಳಿಗೆ ಹಸಿವಾಗುವುದಿಲ್ಲ. ದಿನಕ್ಕೊಂದು ಪಾರ್ಟಿ, ದುಡ್ಡು ಎಲ್ಲಿಂದಲೋ ಬರುತ್ತದೆ. ನನ್ನ ಕ್ಯೂನಲ್ಲಿದ್ದವರು ಸಿಪ್ಪೆ ಸಮೇತ ಸುಟ್ಟ ಆಲೂಗಡ್ಡೆಯ ಮೇಲೆ ಬೀನ್ಸ್ ಹಾಕಿಸಿಕೊಂಡು, ಚೀಸ್‌ಗೆ ಬೇರೆ ದುಡ್ಡೇ ಎಂದು ಕೇಳಿ, ಹೌದೆಂದರೆ ಬೇಡ ಎನ್ನುವವರು.

ಆಗ ಬಡ ಮನೆಯ ಮಕ್ಕಳಿಗೆ ಓದು ಮುಂದುವರಿಸಲು ವಾರಕ್ಕೆ 10, 20 ಅಥವಾ 30 ಪೌಂಡ್ ಸರ್ಕಾರದ ಭತ್ಯೆ ಇತ್ತು, ತರಗತಿ ತಪ್ಪಿಸದಿದ್ದರೆ ಮಾತ್ರ. ಇಂಗ್ಲೆಂಡಿನಲ್ಲಿ ಅದು 2011ರಲ್ಲಿ ನಿಂತಿತು. ಪತ್ರಿಕೆಯಲ್ಲಿ ಓದಿ ತಿಳಿದ ಸುದ್ದಿಯಲ್ಲ ಇದು. ನನಗೆ ಗೊತ್ತಾದದ್ದು ಕೌಂಟರಿನ ಹಿಂದೆ ನಿಂತು. ಆ ವರ್ಷದಿಂದ ಮಧ್ಯಾಹ್ನದ ಕ್ಯೂ ಕುಳ್ಳಾಯಿತು. ಗಲಾಟೆ ಮಾತ್ರ ಕುಳ್ಳಾಗಲಿಲ್ಲ. ಶಾಲೆಗೆ ಅಂಟಿಕೊಂಡ ತರಗತಿಗಳಲ್ಲಿ ಓದುವ ಬಡ ಮಕ್ಕಳಿಗೆ ಉಚಿತ ಊಟವಿತ್ತು. ಇಂಥ ಕಾಲೇಜಿನವರಿಗೆ ಅದು ಸಿಕ್ಕಿದ್ದು 2014ರ ಸೆಪ್ಟೆಂಬರಿನಲ್ಲಿ. ನಡುವಿನ ಆ ಮೂರು ವರ್ಷ ಅತಿ ಹೆಚ್ಚು ಕೂಗಾಡುತ್ತಿದ್ದ ಮೇಜು ಯಾವುದೆಂದರೆ, ಒಂದು ಪೊಟ್ಟಣ ಆಲೂಗಡ್ಡೆ ಚಿಪ್ಸನ್ನು ಆರು ಜನ ಹಂಚಿಕೊಳ್ಳುತ್ತಿದ್ದ ಮೇಜು. ಅವರಲ್ಲೊಬ್ಬ ಒಮ್ಮೆ ತಟ್ಟೆ ಎಸೆದು ಒಡೆದ. ಮೇಲಿನವರು ಬಂದು ಕರೆದುಕೊಂಡು ಹೋದರು. ಮತ್ತೆ ಅವನನ್ನು ನೋಡಲಿಲ್ಲ. ಎಲ್ಲಿಗೆ ಹೋದ ಎಂದು ನಾನೂ ಕೇಳಲಿಲ್ಲ; ಚೂರು ಗುಡಿಸಿದೆ.

ಹಾಗೆಂದು ಧಾರಾವಾಹಿಯೆಲ್ಲ ಸುಳ್ಳು ಎನ್ನಲಾರೆ. ನಾಲ್ಕನೆಯ ಸರಣಿಯಲ್ಲಿ, 2010ರಲ್ಲಿ, ಕುಕ್‌ಗೇ ಮೀಸಲಾದ ಕಂತೊಂದಿದೆ. ಒಬ್ಬನನ್ನು ಹಿಗ್ಗಾಮುಗ್ಗಾ ಹೊಡೆದ ಪ್ರಕರಣ ಕೋರ್ಟಿನಲ್ಲಿರುತ್ತದೆ. ಇಂಗ್ಲೆಂಡಿನಲ್ಲಿ ಹತ್ತು ವರ್ಷ ತುಂಬಿದ ಮಗುವಿನ ಮೇಲೂ ಅಪರಾಧ ಹೊರಿಸಬಹುದು. ಹದಿನೇಳು ಹದಿನೆಂಟರ ಹುಡುಗನಿಗೆ ರಿಯಾಯಿತಿ ಎಲ್ಲಿಂದ ಬರಬೇಕು. ಕಾಯುವ ಆ ದಿನಗಳಲ್ಲಿ ಅವನು ಅಮ್ಮನ ಮನೆಗೆ ಬರುತ್ತಾನೆ. ಅಲ್ಲಿ ಪ್ಯಾಡಿ ಎಂಬ ತಮ್ಮನಿದ್ದಾನೆ. ಅವನ ಕಣ್ಣಿಗೆ ಅಣ್ಣನೇ ವೀರ. ಅಣ್ಣ ಹೇಗೋ ತಾನೂ ಹಾಗೆ. ಇಷ್ಟು ದಿನ ಯಾರು ಹೇಳಿದರೂ ಕೇಳದ ಕುಕ್ ತನ್ನನ್ನು ಆ ಹುಡುಗನೊಳಗೆ ನೋಡಿಕೊಳ್ಳುತ್ತಾನೆ. ಬಚಾವಾಗುವ ದಾರಿಗಳು ಇದ್ದರೂ ಕೋರ್ಟಿನಲ್ಲಿ ತಪ್ಪು ಮಾಡಿದ್ದೇನೆ ಎಂದು ಒಪ್ಪಿಕೊಂಡು ಜೈಲಿಗೆ ಹೋಗುತ್ತಾನೆ. ಅದಕ್ಕೂ ಮೊದಲು ಗೆಳತಿಯೊಬ್ಬಳು ಮಾಡಿದ ತಪ್ಪನ್ನೂ ತನ್ನ ತಲೆಯ ಮೇಲೆ ಹಾಕಿಕೊಂಡಿರುತ್ತಾನೆ. ಉಪದೇಶವಿಲ್ಲ, ಯಾರೂ ಬೆನ್ನು ತಟ್ಟುವುದಿಲ್ಲ. ಆಮೇಲೆ ಜೈಲಿನಿಂದ ತಪ್ಪಿಸಿಕೊಂಡೂ ಬಿಡುತ್ತಾನೆ ಅನ್ನಿ, ಕುಕ್ ಕುಕ್‌ನೇ.

ಅಕ್ಕ ಇಷ್ಟನ್ನೂ ಕೇಳಿಸಿಕೊಂಡಳು. ಅವಳಿಗೆ ಕಥೆ ಎಂದರೆ ಪ್ರಾಣ. "ಕೊನೆಗೆ ಏನಾದ ಆ ಹುಡುಗ?"

ಕೊನೆ ಹೇಳುವುದು ಕಷ್ಟ. ಗೆಳೆಯ ಫ್ರೆಡಿಯನ್ನು ಒಬ್ಬ ದೊಡ್ಡ ಮನುಷ್ಯ ಕೊಂದಿರುತ್ತಾನೆ. ಪುಂಡನಲ್ಲ, ಮಾನಸಿಕ ಆಸರೆ ಕೊಡಬೇಕಾದ ವೈದ್ಯನ ಕುರ್ಚಿಯಲ್ಲಿ ಕೂತವನು. ಕುಕ್ ಅವನೆದುರು ನಿಂತು, ತಾನು ಯಾವ ಕೆಲಸಕ್ಕೂ ಬಾರದವನು, ಬುದ್ಧಿಯಿಲ್ಲದವನು, ಅಪರಾಧಿ ಎಂದು ಊರು ತನಗೆ ಕೊಟ್ಟ ಬಿರುದುಗಳನ್ನೆಲ್ಲ ತಾನೇ ಎಣಿಸುತ್ತಾನೆ. ಆಮೇಲೆ ತನ್ನ ಹೆಸರನ್ನು ಕಿರುಚಿ ಮೇಲೆ ಬೀಳುತ್ತಾನೆ. ಅಲ್ಲಿಗೆ ತೆರೆ ಕಪ್ಪು. ಯಾರು ಉಳಿದರು ಎಂದು ಮೂರು ವರ್ಷ ಜನ ಜಗಳವಾಡಿದರು. 2013ರಲ್ಲಿ ಮರಳಿ ತಂದು ತೋರಿಸಿದಾಗ ಅವನು ಮ್ಯಾಂಚೆಸ್ಟರಿನಲ್ಲಿ ಕಾರು ಓಡಿಸಿಕೊಂಡು ಮಾದಕ ವಸ್ತು ತಲುಪಿಸುತ್ತಿದ್ದ. ಮಾತು ಕಡಿಮೆಯಾಗಿತ್ತು, ನಗು ಇರಲಿಲ್ಲ. ನನಗೆ ಅವನು ಕೂಗಾಡುತ್ತಿದ್ದಾಗ ಆಗದಷ್ಟು ಹೆದರಿಕೆ ಆಗ ಆಯಿತು.

"ಅಲ್ಲ ಕಣೆ, ಇವನು ಯಾಕೆ ಅದನ್ನು ನೋಡುತ್ತಾನೆ ಅಂತ?" ಎಂದಳು ಅಕ್ಕ.

"ಕೇಳಿದೆಯಾ ಅವನನ್ನು?"

"ಕೇಳುವುದೇನು, ಮೊಬೈಲ್ ಕಿತ್ತು ಬೀರುವಿನಲ್ಲಿಟ್ಟೆ. ಅವನಪ್ಪ ಶನಿವಾರ ಬರುತ್ತಾರಲ್ಲ, ಕೇಳಲಿ." ಭಾವನಿಗೆ ವರ್ಗವಾಗಿ ಒಂದೂವರೆ ವರ್ಷ. ಹದಿನೈದು ದಿನಕ್ಕೊಮ್ಮೆ ಬರುತ್ತಾರೆ. ನಾನೇನೂ ಹೇಳಲಿಲ್ಲ, ಹುಡುಗನಿಗೆ ಫೋನ್ ಕೊಡು ಎಂದೆ.

ತುಂಬ ಹೊತ್ತು "ಹ್ಞಾಂ, ಚೆನ್ನಾಗಿದ್ದೇನೆ" ಎನ್ನುವುದರಲ್ಲೇ ಕಳೆಯಿತು. ಆಮೇಲೆ ದನಿ ತಗ್ಗಿಸಿ, "ಚಿಕ್ಕಮ್ಮ, ಅವರು ಕೂರುತ್ತಿದ್ದ ಆ ಹುಲ್ಲಿನ ಜಾಗ ನಿಜವಾಗಿಯೂ ಇದೆಯಾ?" ಎಂದ. ಇದೆ ಎಂದೆ. ಪಾರ್ಕ್ ಸ್ಟ್ರೀಟ್‌ನ ಇಳಿಜಾರು ಮುಗಿಯುವಲ್ಲಿ ಕಾಲೇಜ್ ಗ್ರೀನ್. ಒಂದು ಕಡೆ ಬಿಲ್ಲಿನಂತೆ ಬಾಗಿದ ನಗರಸಭೆ, ಇನ್ನೊಂದು ಕಡೆ ದೊಡ್ಡ ಚರ್ಚು. ಒಂದು ಫೋಟೋ ಕಳಿಸುತ್ತೀರಾ ಎಂದು ಕೇಳಿದ. ಅವನ ಮೊಬೈಲ್ ಬೀರುವಿನಲ್ಲಿದೆಯಲ್ಲ, ಅಮ್ಮನ ಮೊಬೈಲಿಗೆ ಕಳಿಸುತ್ತೇನೆ, ಇಬ್ಬರೂ ನೋಡಿ ಎಂದೆ.

ಶನಿವಾರ ಹೋದೆ. ಹುಲ್ಲಿನ ಮೇಲೆ ಹುಡುಗ ಹುಡುಗಿಯರು ಗುಂಪುಗುಂಪಾಗಿ ಕೂತಿದ್ದರು, ನಾಲ್ಕಾರು ಜನ ಸ್ಕೇಟ್‌ಬೋರ್ಡ್ ಹಾರಿಸುತ್ತಿದ್ದರು. ಮಕ್ಕಳ ಮುಖ ಬೀಳಬಾರದೆಂದು ಪಕ್ಕಕ್ಕೆ ಸರಿದು ತೆಗೆದೆ. ಆ ಮೂಲೆಯಲ್ಲಿ ರಾಜಾ ರಾಮಮೋಹನ ರಾಯರ ಕಂಚಿನ ಪ್ರತಿಮೆ ಇದೆ. ಅವರು 1833ರಲ್ಲಿ ತೀರಿಕೊಂಡದ್ದು ಈ ಊರಿನಲ್ಲಿಯೇ. ಪ್ರತಿಮೆ ನಿಲ್ಲಿಸಿದ್ದು 1997ರಲ್ಲಿ. ಫೋಟೋದಲ್ಲಿ ಅವರೂ ಬಂದರು.

ಅರ್ಧ ಗಂಟೆಗೆ ಅಕ್ಕನಿಂದ ಎರಡು ಸಂದೇಶ ಬಂದವು. ಮೊದಲನೆಯದು ಅವನು ಬರೆದದ್ದಿರಬೇಕು, ಮೂರು ಹೃದಯದ ಗುರುತು. ಎರಡನೆಯದು ಖಂಡಿತ ಅಕ್ಕನದೇ: "ಜಾಗವೇನೋ ಚೆನ್ನಾಗಿದೆ. ಆದರೆ ಅಲ್ಲಿ ಯಾಕೆ ನಮ್ಮ ವಿಶ್ವೇಶ್ವರಯ್ಯನವರನ್ನು ನಿಲ್ಲಿಸಿದ್ದಾರೆ?"