ದಿನ ದೂಡುವ ಸಾಲು

ರಾತ್ರಿ ಪಾತ್ರೆ ತೊಳೆಯುವಾಗ ಸುಮ್ನೆ ಫೋನಿನಲ್ಲಿ ಹಾಡು ಹಾಕಿದ್ದೆ. ‘ಹ್ಯಾವ್ ಯುವರ್‌ಸೆಲ್ಫ್ ಎ ಮೆರಿ ಲಿಟಲ್ ಕ್ರಿಸ್‌ಮಸ್’ ಬಂತು, ಫ್ರಾಂಕ್ ಸಿನಾತ್ರಾ ಹಾಡಿದ್ದು. ಅದಾದ ಮೇಲೆ ಅದೇ ಹಾಡು ಜೂಡಿ ಗಾರ್ಲೆಂಡ್ ದನಿಯಲ್ಲಿ. ಕೊನೆಯ ಹತ್ತಿರ ಒಂದು ಸಾಲು ಬೇರೆ! ನಲ್ಲಿ ನಿಲ್ಲಿಸಿ ಮತ್ತೆ ಕೇಳಿದೆ.

ಜೂಡಿ ಹಾಡಿದ್ದು 1944ರ ‘ಮೀಟ್ ಮಿ ಇನ್ ಸೇಂಟ್ ಲೂಯಿಸ್’ ಸಿನಿಮಾಕ್ಕೆ. ಊರು ಬಿಟ್ಟು ನ್ಯೂಯಾರ್ಕಿಗೆ ಹೋಗಬೇಕಲ್ಲ ಅಂತ ಸಂಕಟಪಡುವ ಪುಟ್ಟ ತಂಗಿಗೆ ಅಕ್ಕ ಸಮಾಧಾನ ಹೇಳುವ ಹಾಡು. ಹ್ಯೂ ಮಾರ್ಟಿನ್ ಮೊದಲು ಬರೆದದ್ದರಲ್ಲಿ, ಇದೇ ನಿನ್ನ ಕೊನೆಯ ಕ್ರಿಸ್‌ಮಸ್ ಆದರೂ ಆಗಬಹುದು ಅನ್ನುವ ಅರ್ಥದ ಸಾಲಿತ್ತು. ಮಗುವಿಗೆ ಹೇಳೋ ಮಾತಾ ಇದು? ಜೂಡಿ ಒಪ್ಪಲಿಲ್ಲ. ಬದಲಾಯಿತು. ಆದರೂ ‘ಅಲ್ಲಿವರೆಗೆ ಹೇಗೋ ದಿನ ದೂಡೋಣ’ ಅನ್ನುವ ಅರ್ಥದ ಸಾಲು ಉಳಿಯಿತು. ಯುದ್ಧದ ಕಾಲ ಬೇರೆ, ಎಷ್ಟು ಮನೆಗಳಲ್ಲಿ ಅದೇ ಮಾತು ಇತ್ತೋ.

1957ರಲ್ಲಿ ಸಿನಾತ್ರಾ ತಮ್ಮ ಕ್ರಿಸ್‌ಮಸ್ ಆಲ್ಬಮ್ಮಿಗಾಗಿ ಅದನ್ನೂ ಬದಲಿಸಿ ಕೊಡಿ ಅಂದರು. ಆಲ್ಬಮ್ಮಿನ ಹೆಸರಲ್ಲೇ ‘ಜಾಲಿ’ ಇತ್ತು, ಪಾಪ. ಮಾರ್ಟಿನ್ ಆ ಜಾಗದಲ್ಲಿ ಎತ್ತರದ ಕೊಂಬೆಗೆ ಹೊಳೆಯುವ ನಕ್ಷತ್ರ ನೇತುಹಾಕಿದರು. ಆಮೇಲೆ ಹಾಡಿದವರಲ್ಲಿ ಬಹಳ ಮಂದಿ ನಕ್ಷತ್ರವನ್ನೇ ಹಾಡಿದರು.

ಸಿನಾತ್ರಾ ದನಿ ಎಷ್ಟೇ ಚೆಂದ ಇರಲಿ, ನನಗೆ ದಿನ ದೂಡುವ ಸಾಲೇ ಜಾಸ್ತಿ ಇಷ್ಟ. ತಿಂಗಳ ಕೊನೆಗೆ ಅಕ್ಕಿ ಡಬ್ಬದ ತಳ ಕಂಡಾಗ ನಮ್ಮಮ್ಮನೂ ಹಾಗೇ ಹೇಳುತ್ತಿದ್ದಳು, ‘ಹೇಗೋ ದೂಡೋಣ ಬಿಡು’ ಅಂತ.

ಪಾತ್ರೆ ಇನ್ನೂ ಅರ್ಧ ಸಿಂಕಿನಲ್ಲೇ ಇದೆ.