ಒಂದೇ ಮನೇಲಿ ಬೆಳೆದವರಲ್ವಾ?

ಮದುವೆ ಮನೆಯ ಪಂಕ್ತಿಯಲ್ಲಿ ಕೂತರೆ ಸಾಕು, ಯಾರಾದರೂ ಕೇಳಿಯೇ ಕೇಳುತ್ತಾರೆ. ‘ನಿಮ್ಮಣ್ಣ ಲಿಂಗಪೂಜೆ ಆಗದೆ ಹನಿ ನೀರು ಮುಟ್ಟೋದಿಲ್ಲ. ನಿನ್ನ ಕೊರಳಲ್ಲಿ ನೋಡಿದರೆ ಲಿಂಗ ಕಟ್ಟುವ ಶಿವದಾರವೇ ಇಲ್ಲ. ಒಂದೇ ಮನೇಲಿ ಬೆಳೆದವರಲ್ವಾ?’

ಹೌದು. ಒಂದೇ ಮನೆ, ಒಂದೇ ಹೊಲ, ಒಬ್ಬನೇ ಅಜ್ಜ.

1996ರ ಬೇಸಿಗೆ. ಆಗ ಕೊಪ್ಪಳ ಇನ್ನೂ ಜಿಲ್ಲೆ ಆಗಿರಲಿಲ್ಲ, ರಾಯಚೂರಿಗೇ ಸೇರಿತ್ತು. ನಮ್ಮ ಭಾಗ ಅಂದರೆ ಜನಕ್ಕೆ ತುಂಗಭದ್ರಾ ಕಾಲುವೆ, ಗಂಗಾವತಿಯ ಭತ್ತ ನೆನಪಾಗುತ್ತದೆ. ನಮ್ಮದು ಯಲಬುರ್ಗಾ ಕಡೆಯ ಎರೆ ಹೊಲ. ಮಳೆ ನಂಬಿದ ಜೋಳ, ಕಡಲೆ. ಬೇಸಿಗೆಯಲ್ಲಿ ಆ ನೆಲ ಬಿರಿದು ನಿಂತರೆ ಮೊಣಕೈ ತನಕ ಕೈ ಇಳಿಯುತ್ತದೆ.

ಅಣ್ಣ ಎಸ್ಸೆಸ್ಸೆಲ್ಸಿ ಬರೆದು ಬಂದಿದ್ದ, ಮೀಸೆ ಮೂಡುತ್ತಿತ್ತು. ನನಗೆ ಹದಿಮೂರು. ಆ ವರ್ಷವೇ ಊರ ಮಠದಲ್ಲಿ ಇಬ್ಬರಿಗೂ ಲಿಂಗದೀಕ್ಷೆ ಆಗಿತ್ತು. ಅಜ್ಜ ಹೇಳಿದ: ‘ಲಿಂಗ ಕಟ್ಟಿಗೊಂಡೀರಿ. ಇನ್ನ ಪೂಜಿ ಆಗೂತನಕ ನೀರಿಲ್ಲ, ರೊಟ್ಟಿಲ್ಲ.’ ನಮ್ಮ ಕಡೆ ಮಠದ ಸ್ವಾಮಿಗಳನ್ನೂ ಅಜ್ಜಾರು ಅಂತೀವಿ. ನಮ್ಮ ಅಜ್ಜನಿಗೆ ಎರಡೂ ಒಂದೇ ಅನಿಸಿತ್ತೋ ಏನೋ.

ಕೇಳೋದಕ್ಕೆ ಸುಲಭ. ಆದರೆ ಬಿಸಿಲಿಗೆ ಮೊದಲೇ ರೆಂಟೆ ಹೊಡೆಯಬೇಕು. ಕತ್ತಲಲ್ಲೇ ಎತ್ತು ಹೂಡಿದರೆ ಬಿಡೋದು ಹತ್ತು ಗಂಟೆಗೆ. ಆಮೇಲೆ ಬಾವಿ ಹತ್ತಿರ ಜಳಕ, ವಿಭೂತಿ, ಎಡ ಅಂಗೈ ಮೇಲೆ ಲಿಂಗ ಇಟ್ಟುಕೊಂಡು ಪೂಜೆ. ಆಮೇಲೇ ಮೊದಲ ಗುಟುಕು. ಅಣ್ಣನ ಕೈಗೆ ಆ ವರ್ಷ ಅಜ್ಜ ಮೇಳಿ, ಅಂದರೆ ನೇಗಿಲ ಹಿಡಿಕೆ, ಕೊಟ್ಟಿದ್ದ. ನಾನು ಹಿಂದೆ ಹಿಂದೆ ಜೋಳದ ಕೂಳೆ, ಕೊಯ್ದ ಮೇಲೆ ಉಳಿದ ಬುಡ, ಆರಿಸುತ್ತಿದ್ದೆ. ಸೋಮವಾರ ಬಸವಣ್ಣನ ವಾರ, ಎತ್ತು ಹೂಡುವಂತಿಲ್ಲ. ಎತ್ತಿಗೆ ರಜೆ. ಕೂಳೆ ಆರಿಸುವವನಿಗೆ ಮಾತ್ರ ಯಾವ ದೇವರೂ ರಜೆ ಕೊಡಲಿಲ್ಲ.

ಮೇ ತಿಂಗಳ ಒಂದು ಬೆಳಿಗ್ಗೆ ತಡೆಯಲಾಗಲಿಲ್ಲ. ಬೇವಿನ ಗಿಡದ ಕೆಳಗೆ ಆಳುಗಳಿಗೆ ಅಂತ ಇಟ್ಟಿದ್ದ ಗಡಿಗೆಯಿಂದ ಎರಡು ತಂಬಿಗೆ ನೀರು ಕುಡಿದುಬಿಟ್ಟೆ. ಅವಸರದಲ್ಲಿ ತಂಬಿಗೆ ಬೋರಲು ಹಾಕೋದು ಮರೆತೆ. ಅಜ್ಜ ಬಂದು ನೋಡಿದ.

‘ಯಾರು ಕುಡದ್ರಿ?’

ನಾನು ಬಾಯಿ ಬಿಡುವ ಮೊದಲೇ ಅಣ್ಣ ಅಂದ, ‘ನಾನ ಕುಡದೆ ಅಜ್ಜ.’

ನನ್ನ ಅಂಗಿಯ ಎದೆ ಒದ್ದೆಯಾಗಿತ್ತು. ಅಜ್ಜ ಅದನ್ನು ನೋಡಿದ. ಅದೂ ಸಾವಕಾಶವಾಗಿ. ಆಮೇಲೆ ಅಣ್ಣನ ಕಡೆ ತಿರುಗಿ, ‘ಹಂಗಾದ್ರ ಇವತ್ತ ನಿನಗ ಉಪಾಸ’ ಅಂದ. ಅಷ್ಟೇ. ನನಗೆ ಎದುರು ಕೂರಿಸಿ ಕಟಕ ರೊಟ್ಟಿ, ಗುರೆಳ್ಳು ಚಟ್ನಿ ಬಡಿಸಿದ. ಬೇಡ ಅನ್ನುವ ಧೈರ್ಯ ಬರಲಿಲ್ಲ, ತಿಂದೆ. ಮಧ್ಯಾಹ್ನ ಬೇವಿನ ನೆರಳಲ್ಲಿ ಮಲಗಿದ್ದ ಅಣ್ಣ ಮೆಲ್ಲಗೆ ಕೇಳಿದ್ದು ಒಂದೇ ಮಾತು: ‘ಚಟ್ನಿ ಖಾರ ಇತ್ತೇನು?’

ಆಮೇಲೆ ಅಂಗೈಯಲ್ಲಿ ಲಿಂಗ ಇಟ್ಟುಕೊಂಡಾಗಲೆಲ್ಲ ನನಗೆ ಆ ರೊಟ್ಟಿಯೇ ಕಾಣುತ್ತಿತ್ತು. ಕಾಲೇಜಿಗೆ ಅಂತ ಊರು ಬಿಟ್ಟಾಗ ಪೂಜೆಯನ್ನೂ ಬಿಟ್ಟೆ. ಅಣ್ಣ ಹಿಡಿದದ್ದು ಹಿಡಿದೇ ಇದ್ದಾನೆ. ಆವತ್ತಿನ ಸುಳ್ಳಿನ ಪ್ರಾಯಶ್ಚಿತ್ತ ಇರಬೇಕು ಅಂತ ಬಹಳ ವರ್ಷ ನಂಬಿದ್ದೆ. ಕಥೆಗೆ ಚೆನ್ನಾಗಿ ಹೊಂದುತ್ತದಲ್ಲ. ಒಮ್ಮೆ ಕೇಳಿಯೂ ಬಿಟ್ಟೆ. ಅವನು ಜೋರಾಗಿ ನಕ್ಕ. ‘ಹುಚ್ಚ, ಪೂಜಿಗೆ ಕುಂತಾಗ ಇಪ್ಪತ್ತು ನಿಮಿಷ ಯಾರೂ ನನ್ನ ಕರಿಯಂಗಿಲ್ಲ. ಸಾಲದಾವರೂ ಕರಿಯಂಗಿಲ್ಲ.’ ಉಪವಾಸದ ದಿನ ಅವನಿಗೆ ಸರಿಯಾಗಿ ನೆನಪೂ ಇರಲಿಲ್ಲ.

ಅಂದ ಹಾಗೆ ನನ್ನ ಲಿಂಗ ಕಳೆದಿಲ್ಲ. ಊರ ಮನೆಯ ಜಗಲಿ ಮೇಲೆ ಕರಡಿಗೆಯಲ್ಲಿದೆ, ಅಂದರೆ ಲಿಂಗ ಇಡುವ ಪುಟ್ಟ ಡಬ್ಬಿಯಲ್ಲಿ. ಇಷ್ಟಲಿಂಗ ಅವರವರದ್ದೇ, ಒಬ್ಬರದ್ದನ್ನು ಇನ್ನೊಬ್ಬರು ಪೂಜೆ ಮಾಡುವಂತಿಲ್ಲ. ಇದನ್ನು ನನಗಿಂತ ಅಣ್ಣ ಚೆನ್ನಾಗಿ ಬಲ್ಲ. ಹೋದ ಸಲ ಊರಿಗೆ ಹೋದಾಗ ಬೇಗ ಎಚ್ಚರವಾಯಿತು. ಬಾಗಿಲ ಸಂದಿಯಿಂದ ನೋಡಿದೆ. ತನ್ನ ಪೂಜೆ ಮುಗಿಸಿ, ನನ್ನ ಕರಡಿಗೆ ಬಿಚ್ಚಿ, ನೀರೆರೆದು, ಒಂದು ಪತ್ರಿ ಇಟ್ಟು ಮತ್ತೆ ಮುಚ್ಚುತ್ತಿದ್ದ. ನಾನು ಸುಮ್ನೆ ಹಿಂದೆ ಬಂದು ಹಾಸಿಗೆ ಮೇಲೆ ಮಲಗಿದೆ.