‘ಅಂತೆ’ ಇದ್ದರೆಲ್ಲ ಉಪಮೆಯೇ?

ಪರೀಕ್ಷೆ ಹತ್ತಿರ ಬಂತೆಂದರೆ ಅಲಂಕಾರಗಳ ಬಗ್ಗೆ, ಅಂದರೆ ಕಾವ್ಯದಲ್ಲಿ ಮಾತಿಗೆ ಸೊಗಸು ತರುವ ರೀತಿಗಳ ಬಗ್ಗೆ, ಬೇರೆ ಬೇರೆ ಮನೆಗಳಿಂದ ನನಗೆ ಒಂದೇ ಪ್ರಶ್ನೆ ಬರುತ್ತದೆ. ಕೇಳುವವರು ಎಸ್ಸೆಸ್ಸೆಲ್ಸಿ ಮಕ್ಕಳು, ಅವರಿಗಿಂತ ಹೆಚ್ಚಾಗಿ ಅವರ ಅಮ್ಮಂದಿರು. “ಉಪಮೆ, ರೂಪಕ, ಉತ್ಪ್ರೇಕ್ಷೆ ಮೂರೂ ಒಂದೇ ಥರ ಕಾಣುತ್ತವೆ. ಗುರುತಿಸೋಕೆ ಏನಾದರೂ ಸುಲಭದ ಉಪಾಯ ಇದೆಯಾ?”

ಅವರು ಕೇಳುವ ಉಪಾಯ ಮಕ್ಕಳಿಗೆ ಆಗಲೇ ಗೊತ್ತಿರುತ್ತದೆ. ‘ಅಂತೆ’, ‘ಹಾಗೆ’, ಹಳಗನ್ನಡದ ‘ವೋಲ್’ ಕಂಡರೆ ಉಪಮೆ. ‘ಏ’ ಕಂಡರೆ ರೂಪಕ. ‘ಎಂಬಂತೆ’, ‘ಓ’ ಕಂಡರೆ ಉತ್ಪ್ರೇಕ್ಷೆ. ಇದರಿಂದ ಅಂಕ ಸಿಗಲೂಬಹುದು. ಆದರೂ ನಾನಿದನ್ನು ಹೇಳಿಕೊಡುವುದಿಲ್ಲ. ಈ ಮೂರು ಮಾತು ನೋಡಿ: ‘ಅವನು ನಾಳೆ ಬರುತ್ತಾನಂತೆ.’ ‘ನಾನು ಹೇಳಿದಂತೆ ಮಾಡು.’ ‘ಅವಳು ಅಕ್ಕನಂತೆಯೇ ಎತ್ತರ.’ ಮೂರರಲ್ಲೂ ‘ಅಂತೆ’ ಇದೆ, ಒಂದರಲ್ಲೂ ಉಪಮೆ ಇಲ್ಲ. ಮೊದಲನೆಯದು ಯಾರಿಂದಲೋ ಕೇಳಿದ ಸುದ್ದಿ. ಎರಡನೆಯದು ಕೆಲಸದ ರೀತಿ. ಮೂರನೆಯದರಲ್ಲಿ ಹೋಲಿಕೆಯೇನೋ ಇದೆ, ಆದರೆ ಅದನ್ನು ಟೇಪು ಹಿಡಿದು ಅಳೆಯಬಹುದು. ಉಪಮೆಗೆ ಒಂದಕ್ಕೊಂದು ದೂರದ ಎರಡು ವಸ್ತುಗಳು ಬೇಕು, ಅವು ಒಂದು ಕಡೆ ಮುಟ್ಟಿದಾಗ ಮನಸ್ಸು ಅರಳಬೇಕು.

ಪರೀಕ್ಷೆಯಲ್ಲಿ ಅಲಂಕಾರದ ಹೆಸರು, ಅದರ ಲಕ್ಷಣ, ಆ ಲಕ್ಷಣ ಕೊಟ್ಟ ಸಾಲಿಗೆ ಹೇಗೆ ಹೊಂದುತ್ತದೆ ಎಂಬ ಸಮನ್ವಯ, ಹೀಗೆ ಬರೆಯಬೇಕಾಗುತ್ತದೆ. ಬರೆಯುವಾಗ ಸಮನ್ವಯ ಕೊನೆಗೆ ಬರಲಿ. ಯೋಚಿಸುವಾಗ ಅದೇ ಮೊದಲಾಗಬೇಕು. ಇಲ್ಲಿ ನಿಜವಾಗಿ ಯಾವುದರ ಮಾತು ನಡೆದಿದೆ? ಅದು ಉಪಮೇಯ. ಅದನ್ನು ತೋರಿಸಲು ಹೊರಗಿನಿಂದ ಏನನ್ನು ಕರೆತಂದಿದ್ದಾರೆ? ಅದು ಉಪಮಾನ. ಆಮೇಲೆ ನಾನು ಕೇಳುವ ಪ್ರಶ್ನೆ ಒಂದೇ: ಕರೆತಂದದ್ದನ್ನು ಎಷ್ಟು ಹತ್ತಿರ ನಿಲ್ಲಿಸಿದ್ದಾರೆ?

ಬಸವಣ್ಣನವರ ಎರಡು ವಚನಗಳನ್ನು ಪಕ್ಕಪಕ್ಕ ಇಟ್ಟರೆ ಈ ದೂರ ಕಣ್ಣಿಗೆ ಕಾಣುತ್ತದೆ. ‘ನುಡಿದರೆ ಮುತ್ತಿನ ಹಾರದಂತಿರಬೇಕು, ನುಡಿದರೆ ಮಾಣಿಕ್ಯದ ದೀಪ್ತಿಯಂತಿರಬೇಕು, ನುಡಿದರೆ ಸ್ಫಟಿಕದ ಶಲಾಕೆಯಂತಿರಬೇಕು.’ ಮಾತು ಒಂದು ಕಡೆ, ಮುತ್ತಿನ ಹಾರ ಇನ್ನೊಂದು ಕಡೆ, ನಡುವೆ ‘ಅಂತೆ’. ಆ ಅಂತರ ಇಲ್ಲಿ ಇರಲೇಬೇಕು, ಯಾಕೆಂದರೆ ‘ಅಂತೆ’ಯ ಜೊತೆಗೆ ‘ಇರಬೇಕು’ ಇದೆ. ನಮ್ಮ ಮಾತು ಇನ್ನೂ ಮುತ್ತಾಗಿಲ್ಲ, ಆಗಬೇಕಾಗಿದೆ. ‘ನನ್ನ ಮಾತೇ ಮುತ್ತು’ ಎಂದುಬಿಟ್ಟಿದ್ದರೆ ಅದು ಜಂಬವಾಗುತ್ತಿತ್ತು. ಮೂರು ಉಪಮಾನಗಳೂ ಬರಿಯ ಒಡವೆಯ ಪಟ್ಟಿಯಲ್ಲ: ಹಾರದಲ್ಲಿ ಪೋಣಿಕೆಯಿದೆ, ಮಾಣಿಕ್ಯದಲ್ಲಿ ಬೆಳಕಿದೆ, ಸ್ಫಟಿಕದ ಸಲಾಕೆಯಲ್ಲಿ ಆಚೆಗೂ ಕಾಣುವ ತಿಳಿತನವಿದೆ. ‘ನುಡಿದರೆ ಲಿಂಗ ಮೆಚ್ಚಿ ಅಹುದಹುದೆನಬೇಕು’ ಎನ್ನುವಾಗ ‘ಅಂತೆ’ ಬಿದ್ದೇಹೋಗುತ್ತದೆ. ಅಲ್ಲಿ ಹೋಲಿಕೆ ಮುಗಿಯಿತು, ಒಪ್ಪಿಗೆಯ ಮಾತು ಬಂತು.

ಇನ್ನೊಂದು ವಚನದಲ್ಲಿ ಅದೇ ಬಸವಣ್ಣ ‘ಎನ್ನ ಕಾಲೇ ಕಂಬ, ದೇಹವೇ ದೇಗುಲ, ಶಿರವೇ ಹೊನ್ನ ಕಳಸವಯ್ಯಾ’ ಎನ್ನುತ್ತಾರೆ. ಇದನ್ನು ‘ನನ್ನ ಕಾಲು ಕಂಬದಂತಿದೆ’ ಎಂದು ಬದಲಿಸಿ ಓದಿ. ಕಾಲು ದಪ್ಪವಾಗಿದೆ ಎಂದಷ್ಟೇ ಕೇಳಿಸುತ್ತದೆ. ದೇವಸ್ಥಾನ ಬೇರೆಲ್ಲೋ ಉಳಿದುಬಿಡುತ್ತದೆ. ಉಳ್ಳವರು ಶಿವಾಲಯ ಕಟ್ಟಿಸುತ್ತಾರೆ, ಬಡವ ಏನು ಮಾಡಲಿ ಎಂಬುದು ಆ ವಚನದ ಮೊದಲ ಮಾತು. ಹಾಗೆ ಕೇಳಿದವನಿಗೆ ಗುಡಿಯನ್ನು ಹೋಲುವ ಮೈ ಸಾಲದು, ಗುಡಿಯೇ ಬೇಕು. ಅದಕ್ಕೇ ರೂಪಕ: ಉಪಮೇಯವೂ ಉಪಮಾನವೂ ಒಂದೇ ಎಂದುಬಿಡುವುದು. ಈಗ ಗುಡಿಗೆ ಕಾಲು ಬಂತು, ಅದು ನಡೆಯುತ್ತದೆ. ಕೊನೆಯಲ್ಲಿ ಬರುವ ‘ಸ್ಥಾವರಕ್ಕಳಿವುಂಟು, ಜಂಗಮಕ್ಕಳಿವಿಲ್ಲ’ (ನಿಂತದ್ದಕ್ಕೆ ಅಳಿವಿದೆ, ನಡೆಯುವುದಕ್ಕೆ ಅಳಿವಿಲ್ಲ) ಎಂಬ ಮಾತು ನಿಂತಿರುವುದು ಆ ‘ಏ’ಕಾರದ ಮೇಲೆ. ಕಾಲೇ‑ಕಂಬ, ದೇಹವೇ‑ದೇಗುಲ ಎಂದು ಅಕ್ಷರಗಳೂ ಕೈ ಹಿಡಿದಿರುವುದನ್ನು ಗಟ್ಟಿಯಾಗಿ ಓದಿದರೆ ಕೇಳಬಹುದು. ಈ ಸಾಲನ್ನು ಎಷ್ಟು ಸಲ ಪಾಠ ಹೇಳಿದರೂ ನನಗೆ ಮೈ ಜುಮ್ಮೆನ್ನುತ್ತದೆ.

ಉತ್ಪ್ರೇಕ್ಷೆಯಲ್ಲಿ ಕರೆತಂದದ್ದು ಊಹೆ. ‘ಮೊದಲ ಮಳೆಗೆ ನೆಲವೇ ನಿಟ್ಟುಸಿರು ಬಿಟ್ಟಿತೋ ಎಂಬಂತೆ ಮಣ್ಣಿನ ವಾಸನೆ ಎದ್ದಿತು’ ಎಂದರೆ, ನೆಲ ಉಸಿರಾಡುವುದಿಲ್ಲವೆಂದು ಹೇಳುವವನಿಗೂ ಗೊತ್ತು, ಕೇಳುವವನಿಗೂ ಗೊತ್ತು. ಮುತ್ತಿನ ಹಾರ ಲೋಕದಲ್ಲಿ ಇದೆ. ನೆಲದ ನಿಟ್ಟುಸಿರು ಆ ವಾಕ್ಯದಲ್ಲಿ ಮಾತ್ರ ಇದೆ. ಇದೊಂದು ನೆನಪಿದ್ದರೆ ‘ಎಂಬಂತೆ’ಯೊಳಗಿನ ‘ಅಂತೆ’ ನಿಮ್ಮನ್ನು ದಾರಿ ತಪ್ಪಿಸುವುದಿಲ್ಲ.

ದೃಷ್ಟಾಂತ ಎಂಬ ಇನ್ನೊಂದು ಅಲಂಕಾರ ಸುಲಭ. ‘ಊಟ ಬಲ್ಲವನಿಗೆ ರೋಗವಿಲ್ಲ, ಮಾತು ಬಲ್ಲವನಿಗೆ ಜಗಳವಿಲ್ಲ’ ಎಂಬಲ್ಲಿ ಎರಡು ಪೂರ್ಣ ವಾಕ್ಯಗಳು ಬಿಂಬ‑ಪ್ರತಿಬಿಂಬದ ಹಾಗೆ ಎದುರುಬದುರು ನಿಂತಿವೆ, ನಡುವೆ ‘ಅಂತೆ’ಯ ಹಾಗೆ ಹೋಲಿಕೆ ಹೇಳುವ ವಾಚಕಪದವೇ ಇಲ್ಲ. ಒಂದೇ ಅಕ್ಷರಗುಂಪು ಮರಳಿ ಬರುವ ಯಮಕ, ಒಂದೇ ಮಾತಿಗೆ ಎರಡರ್ಥ ಬರುವ ಶ್ಲೇಷ, ಇವುಗಳ ದಾರಿ ಬೇರೆ, ಅವನ್ನು ಇನ್ನೊಮ್ಮೆ ಬರೆಯುತ್ತೇನೆ.

ಇಷ್ಟು ಕೇಳಿದ ಮೇಲೂ ಕೆಲವರು ‘ಇದೆಲ್ಲ ಪಂಡಿತರ ವಿಷಯ, ನಮ್ಮ ಮಗುವಿಗೆ ಹತ್ತುವುದಿಲ್ಲ’ ಎನ್ನುತ್ತಾರೆ. ಇದನ್ನು ನಾನು ಒಪ್ಪುವುದಿಲ್ಲ. ಕನ್ನಡದಲ್ಲಿ ನಮಗೆ ಸಿಕ್ಕಿರುವ ಅತಿ ಹಳೆಯ ಕೃತಿ, ಸುಮಾರು ಕ್ರಿ.ಶ. 850ರ ‘ಕವಿರಾಜಮಾರ್ಗ’, ಅಲಂಕಾರಗಳನ್ನೇ ವಿವರಿಸುವ ಗ್ರಂಥ. ಸಂಸ್ಕೃತದ ಅಲಂಕಾರಶಾಸ್ತ್ರಜ್ಞ ದಂಡಿಯನ್ನು ಬಹುಮಟ್ಟಿಗೆ ಅನುಸರಿಸಿದ ಅದೇ ಪುಸ್ತಕ ಈ ನಾಡಿನ ಜನರನ್ನು ‘ಕುರಿತೋದದೆಯುಂ ಕಾವ್ಯಪ್ರಯೋಗ ಪರಿಣತಮತಿಗಳ್’ ಎಂದು ಕರೆಯುತ್ತದೆ. ಪಟ್ಟಾಗಿ ಕೂತು ಓದದೆಯೂ ಕಾವ್ಯದ ಬಳಕೆಯಲ್ಲಿ ಪಳಗಿದವರು ಎಂದರ್ಥ.

ಹಾಗಾಗಿ ಅಲಂಕಾರವೆಂದರೆ ಹೆದರುವ ಮಕ್ಕಳಿಗೆ ನಾನು ಮೊದಲು ಪಠ್ಯ ತೆಗೆಸುವುದಿಲ್ಲ, ಒಗಟು ಕೇಳುತ್ತೇನೆ. ಕಳೆದ ವಾರ ಒಬ್ಬ ಹುಡುಗಿಗೆ ಕೇಳಿದ್ದು: ‘ಹಸಿರು ಗಿಡದ ಮೇಲೆ ಮೊಸರು ಚೆಲ್ಲಿದೆ, ಏನದು?’

“ಮಲ್ಲಿಗೆ,” ಎಂದಳು ತಕ್ಷಣ.

“ಒಗಟಿನಲ್ಲಿ ಮಲ್ಲಿಗೆ ಎಂಬ ಮಾತೇ ಇಲ್ಲವಲ್ಲ, ನಿನಗೆ ಹೇಗೆ ಗೊತ್ತಾಯಿತು?”

ಸ್ವಲ್ಪ ಹೊತ್ತು ಸುಮ್ಮನಿದ್ದು, ಬೆಳ್ಳಗಿದೆ, ಅಲ್ಲಲ್ಲಿ ಬಿದ್ದ ಹಾಗಿದೆ, ಹಸಿರಿನ ಮೇಲೆ ಎದ್ದು ಕಾಣುತ್ತದೆ ಎಂದು ಬೆರಳು ಮಡಚಿ ಎಣಿಸಿದಳು. ಅವಳು ಎಣಿಸಿದ್ದು ಸಮಾನಧರ್ಮವನ್ನು, ಅಂದರೆ ಎರಡಕ್ಕೂ ಸಮಾನವಾಗಿರುವ ಗುಣಗಳನ್ನು. ಉಪಮಾನ ಉಪಮೇಯವನ್ನು ಪೂರ್ತಿ ನುಂಗಿಬಿಟ್ಟ ಈ ಬಗೆಗೆ ರೂಪಕಾತಿಶಯೋಕ್ತಿ ಎಂಬ ಹೆಸರಿದೆ. ಅದನ್ನು ನಾನು ಅವತ್ತು ಹೇಳಲಿಲ್ಲ. ಇನ್ನೊಂದು ಒಗಟು ಕೇಳಿ ಎಂದು ಅವಳು ಆಗಲೇ ಹಟ ಹಿಡಿದಿದ್ದಳು.